ನಿಮ್ಮ ಬೋರ್ಡಿಗೆ ಉಪವಾಸವಿದ್ದ ಮನುಷ್ಯನ ಪರವಾಗಿ

ಮಾನ್ಯ ವೈದ್ಯಾಧೀಕ್ಷಕರೇ,

ಇಂದು ನನ್ನ ಉಪವಾಸ. ಬೆಳಗಿನ ಕೆಲಸಗಳು ಮುಗಿದಿವೆ. ದೇವರಿಗೆ ದೀಪ ಹಚ್ಚಿದೆ, ಗಂಡನನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿಸಿದೆ, ಅವರ ಕೆಳಗಿನ ಬಟ್ಟೆ ಬದಲಿಸಿ ಹಿಂಡಿ ಹಾಕಿದೆ, ಗಂಜಿಯನ್ನು ಚಮಚದಲ್ಲಿ ಕುಡಿಸಿ ಬಾಯಿಯ ಬಲಮೂಲೆಯಿಂದ ಸೋರಿದ್ದನ್ನು ಒರೆಸಿದೆ. ಹೊಟ್ಟೆ ಖಾಲಿಯಿದ್ದ ದಿನ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬೇರೆಯವರ ಸುಳ್ಳನ್ನು ನುಂಗಲೂ ಬರುವುದಿಲ್ಲ. ಅದಕ್ಕೇ ಈ ದಿನವನ್ನು ಆರಿಸಿಕೊಂಡೆ. ವಿಷಯ ಇಷ್ಟೇ: ನಿಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ಕಿಟಕಿಯ ಮೇಲೆ ತೂಗುವ ಒಂದು ಬೋರ್ಡು ನನ್ನ ಗಂಡನ ತಲೆಯೊಳಗೆ ರಕ್ತ ಹರಿಸಿತು. ಈಗ ನೀವು ಅದೇ ಮಾತ್ರೆಯನ್ನು ಅದೇ ಪ್ರಮಾಣದಲ್ಲಿ ಅವರಿಗೆ ಮತ್ತೆ ಕೊಡಲು ಹೊರಟಿದ್ದೀರಿ. ಏಕೆಂದರೆ ನಿಮ್ಮ ದಾಖಲೆ ಹಾಗೆ ಹೇಳುತ್ತದೆ. ದಾಖಲೆ ತಪ್ಪು, ತಿದ್ದಿ ಎಂದು ನಾನು ಮೊದಲು ಬಾಯಲ್ಲಿ ಕೇಳಿದೆ, ಆಮೇಲೆ ಬರೆದು ಕೇಳಿದೆ. ಬರೆದದ್ದಕ್ಕೆಲ್ಲ ‘ಸ್ವೀಕರಿಸಲಾಗಿದೆ’ ಎಂಬ ದುಂಡು ಮುದ್ರೆ ಬಿತ್ತು. ನಿಮ್ಮ ಆಸ್ಪತ್ರೆಯಲ್ಲಿ ಯಾವುದಾದರೂ ಒಂದು ಯಂತ್ರ ಕೆಟ್ಟಿಲ್ಲವೆಂದರೆ ಅದು ಆ ಮುದ್ರೆ. ಆದ್ದರಿಂದ ಈ ಸಲ ಪತ್ರಿಕೆಗೆ ಕೊಡುತ್ತಿದ್ದೇನೆ. ಊರೆಲ್ಲ ಓದಿದ ಮೇಲಾದರೂ ನಿಮ್ಮ ಮೇಜಿಗೆ ಬಂದೀತು.

ನಾವು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಕಡತದಲ್ಲಿ ನನ್ನ ಗಂಡ ‘ಪುರುಷ, ಐವತ್ತೆಂಟು’, ನಾನು ‘ರೋಗಿಯ ಕಡೆಯವರು’. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಇಬ್ಬರೂ ದೊಡ್ಡ ಲಾಂಡ್ರಿಯಲ್ಲಿ ದುಡಿದವರು, ನಿಮ್ಮ ಆಸ್ಪತ್ರೆಯ ಹಾಸಿಗೆಬಟ್ಟೆಗಳು ಬರುವ ಅದೇ ಲಾಂಡ್ರಿ. ನಾನು ಬಟ್ಟೆ ವಿಂಗಡಿಸುವ ಮೇಜಿನ ಮುಂದೆ, ಅವರು ಹಿಂದಿನ ಬಾಯ್ಲರ್ ಕೋಣೆಯಲ್ಲಿ. ಹಬೆ ಎಷ್ಟಿದೆ ಎಂದು ತೋರಿಸುವ ಮುಳ್ಳಿನ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಂತವರು. ಆ ಕೋಣೆಯ ಗೋಡೆ ತುಂಬ ಬೋರ್ಡುಗಳು. ನೀರು ನೋಡದೆ ಬೆಂಕಿ ಹಾಕಬೇಡ. ಬಿಸಿ ಇರುವಾಗ ಮುಚ್ಚಳ ತೆರೆಯಬೇಡ. ಒಬ್ಬನೇ ಒಳಗಿಳಿಯಬೇಡ. ಉಳಿದವರು ಅವನ್ನು ಗೋಡೆಯ ಬಣ್ಣದ ಹಾಗೆ ಕಾಣುತ್ತಿದ್ದರು, ಇವರು ಮಾತ್ರ ಅಕ್ಷರ ತಪ್ಪದೆ ನಡೆಸುತ್ತಿದ್ದರು. ಇಸ್ತ್ರಿಯ ಹುಡುಗಿಯರು ಇವರಿಗೆ ‘ಬೋರ್ಡಣ್ಣ’ ಅಂತ ಹೆಸರಿಟ್ಟಿದ್ದರು. “ಬೋರ್ಡಣ್ಣ, ಉಸಿರು ಬಿಡ್ಬಹುದಾ? ಬೋರ್ಡಲ್ಲಿ ಬರ್ದಿಲ್ವಲ್ಲ,” ಅಂತ ಕೀಟಲೆ ಮಾಡುತ್ತಿದ್ದರು. ನಾನೂ ಒಮ್ಮೆ ನಕ್ಕು ಕೇಳಿದ್ದೆ, ಅಷ್ಟೊಂದು ಭಯ ಯಾಕೆ ಅಂತ. ಅದಕ್ಕೆ ಅವರು ಹೇಳಿದ್ದು:

“ಬೋರ್ಡನ್ನ ಸುಮ್ಮನೆ ಯಾರೂ ಹಾಕಲ್ಲ ಕಣೇ. ಪ್ರತಿಯೊಂದರ ಹಿಂದೆಯೂ ಒಬ್ಬ ಸತ್ತಿರ್ತಾನೆ. ಆಮೇಲೆ ಹಾಕಿರ್ತಾರೆ.”

ಅವರ ಬುದ್ಧಿಯೆಲ್ಲ ಇಷ್ಟು. ಬರೆದು ತೂಗುಹಾಕಿದ್ದಾರೆ ಅಂದರೆ ಅದನ್ನು ಯಾರೋ ತಿಳಿದವರು, ಯಾರದೋ ಹೆಣ ನೋಡಿ ಬರೆದಿರುತ್ತಾರೆ ಎಂಬ ನಂಬಿಕೆ. ದೇವರನ್ನು ನಾನು ಹಾಗೆ ನಂಬಿದೆ, ಬೋರ್ಡನ್ನು ಅವರು ಹಾಗೆ ನಂಬಿದರು. ನನ್ನ ದೇವರು ಇದುವರೆಗೆ ಯಾರ ಪರೀಕ್ಷೆಯ ಫಲವನ್ನೂ ಕೆಡಿಸಿಲ್ಲ.

ಈಗ ಕಾಯಿಲೆಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಬಾಯ್ಲರ್ ಕೋಣೆಯಲ್ಲೇ ಅವರಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು, ಎಡಗೈ ಎತ್ತಲು ಆಗುತ್ತಿಲ್ಲ. ಅಂಥ ಹೊತ್ತಿನಲ್ಲೂ ಬೆಂಕಿ ತಗ್ಗಿಸಿ, ಇನ್ನೊಬ್ಬನನ್ನು ಕರೆದು ನಿಲ್ಲಿಸಿ ಹೊರಗೆ ಬಂದರು, ಯಾಕೆಂದರೆ ಬೋರ್ಡು ಹಾಗೆ ಹೇಳುತ್ತದೆ. ನಿಮ್ಮ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಹೃದಯದ ನಾಳದಲ್ಲಿ ಕೂತಿದ್ದ ರಕ್ತದ ಹೆಪ್ಪು ಕರಗಿತು, ಮುಖಕ್ಕೆ ಬಣ್ಣ ಮರಳಿತು. ನನ್ನ ಕಣ್ಣೆದುರೇ ನಡೆಯಿತು. ನಾನು ಆ ಔಷಧದ ಸೀಸೆಗೆ ಕೈ ಮುಗಿದೆ. ಇದನ್ನು ಮರೆಯದೆ ಬರೆಯುತ್ತಿದ್ದೇನೆ, ನಿಮ್ಮ ಆಸ್ಪತ್ರೆ ಮಾಡಿದ ಒಳ್ಳೆಯದನ್ನು ನಾನು ಕದ್ದು ಮುಚ್ಚುವವಳಲ್ಲ. ಮುಚ್ಚುವ ಕೆಲಸಕ್ಕೆ ನಿಮ್ಮಲ್ಲಿ ಬೇರೆ ಸಿಬ್ಬಂದಿ ಇದ್ದಾರೆ.

ಬದುಕಿದರು. ಆದರೆ ಹೃದಯದ ತಾಳ ತಪ್ಪಿಹೋಯಿತು. ಮೇಲಿನ ಎರಡು ಕೋಣೆಗಳು ಹಿಸುಕಿ ರಕ್ತ ತಳ್ಳುವ ಬದಲು ಸುಮ್ಮನೆ ಅದುರುತ್ತಿವೆ ಎಂದರು. ರಕ್ತ ಅಲ್ಲಿ ನಿಂತ ನೀರಿನಂತೆ ನಿಲ್ಲುತ್ತದೆ, ನಿಂತದ್ದು ಹೆಪ್ಪಾಗುತ್ತದೆ, ಹೆಪ್ಪು ಹೊರಟರೆ ನೇರ ಮಿದುಳಿಗೆ. ಅದಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಬರೆದರು, ವಾರ್ಫರಿನ್. ತೆಳು ಎನ್ನುವುದು ಬಾಯಿಮಾತಿಗೆ ಅಷ್ಟೇ ಅಂತೆ. ರಕ್ತ ನೀರಾಗುವುದಿಲ್ಲ. ರಕ್ತ ಕಟ್ಟಿಕೊಳ್ಳಲು ಬೇಕಾದ ಸರಕನ್ನು ಯಕೃತ್ತು ತಯಾರಿಸುತ್ತದೆ, ಈ ಮಾತ್ರೆ ಆ ತಯಾರಿಯನ್ನು ನಿಧಾನ ಮಾಡುತ್ತದೆ. ನುಂಗಿದ ದಿನವೇ ಅದರ ಗುಣ ಕಾಣಿಸುವುದಿಲ್ಲ, ನಿಲ್ಲಿಸಿದ ದಿನವೇ ಹೋಗುವುದೂ ಇಲ್ಲ, ಎರಡಕ್ಕೂ ಕೆಲವು ದಿನ ಬೇಕು. ಸೊಪ್ಪು ಇದ್ದಕ್ಕಿದ್ದಂತೆ ಹೆಚ್ಚು ತಿಂದರೆ ಮಾತ್ರೆಯ ಬಲ ಇಳಿಯುತ್ತದೆ, ತಿನ್ನುವುದನ್ನೇ ಬಿಟ್ಟರೆ ಏರುತ್ತದೆ, ನೋವಿನ ಮಾತ್ರೆ ಯಾವುದೋ ಒಂದು ಜೊತೆ ಸೇರಿದರೆ ಹೊಟ್ಟೆಯೊಳಗೇ ರಕ್ತ ಬರಬಹುದು. ಆದ್ದರಿಂದ ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸಿ, ಒಂದು ಅಂಕಿ ನೋಡಿ, ಪ್ರಮಾಣ ಹೆಚ್ಚುಕಡಿಮೆ ಮಾಡಬೇಕು. ಅಂಕಿ ಎರಡು–ಮೂರರ ನಡುವೆ ಇರಬೇಕು. ಇಳಿದರೆ ಹೆಪ್ಪಿನ ಭಯ, ಏರಿದರೆ ಸೋರುವ ಭಯ. ಇದೆಲ್ಲ ನನಗೆ ಯಾವಾಗ ಗೊತ್ತಾಯಿತು ಎಂದು ಕೇಳುತ್ತೀರಾ? ಎಲ್ಲ ಆದ ಮೇಲೆ. ಮೊದಲು ಹೇಳಿದ್ದು ಒಂದೇ ಮಾತು: “ದಿನಾ ಸಾಯಂಕಾಲ ಒಂದು, ತಿಂಗಳಿಗೊಂದ್ಸಲ ರಕ್ತ ಕೊಡಿ. ಮುಂದಿನವ್ರು ಬನ್ನಿ.”

ಮುಂದಿನವರು ಬಂದರು. ನಾವು ರಕ್ತಪರೀಕ್ಷೆಯ ಕಿಟಕಿಗೆ ಹೋದೆವು. ಸಕ್ಕರೆ, ಕೊಬ್ಬು, ಉಪ್ಪು, ಹೆಪ್ಪು, ಎಲ್ಲದಕ್ಕೂ ಒಂದೇ ಕಿಟಕಿ, ಒಂದೇ ಸಾಲು, ಒಂದೇ ಬೋರ್ಡು. ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ: ‘ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು. ಪರೀಕ್ಷೆಗೆ ಮುನ್ನ ಯಾವುದೇ ಔಷಧ ಸೇವಿಸತಕ್ಕದ್ದಲ್ಲ.’ ನನ್ನ ಗಂಡ ಅದನ್ನು ಎರಡು ಸಲ ಓದಿದರು. ಮುನ್ನ ಎಂದರೆ ಎಷ್ಟು ಮುನ್ನ? ಬೋರ್ಡು ಹೇಳಿರಲಿಲ್ಲ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಕಿಟಕಿಗೆ ಬಗ್ಗಿ ಕೇಳಿದರು.

“ಸಾರ್, ರಕ್ತ ತೆಳು ಮಾಡೋ ಮಾತ್ರೆ ತೊಗೋತಾ ಇದೀನಿ. ಎಷ್ಟು ದಿನ ಮುಂಚೆ ನಿಲ್ಲಿಸ್ಬೇಕು?”

ಒಳಗಿನವನು ತಲೆ ಎತ್ತಲಿಲ್ಲ. “ರಕ್ತ ತೆಳು ಮಾಡೋದಾ? ಮೂರು ದಿನ ನಿಲ್ಲಿಸಿ.”

“ಪ್ರತೀ ಸಲಾನಾ ಸಾರ್?”

“ಪ್ರತೀ ಸಲ. ಮುಂದಿನವ್ರು.”

ಆಮೇಲೆ ತಿಳಿಯಿತು, ಅವನು ಹೇಳಿದ್ದು ಹಲ್ಲು ಕೀಳಿಸುವವರಿಗೆ, ಕೊಯ್ಯಿಸಿಕೊಳ್ಳುವವರಿಗೆ ಹೇಳುವ ಮಾತು. ಅದೂ ಡಾಕ್ಟರು ನೋಡಿ ಹೇಳಬೇಕಾದದ್ದು. ನನಗೆ ಆ ಕಿಟಕಿಯವನ ಮೇಲೆ ಸಿಟ್ಟಿಲ್ಲ. ಮುಂಜಾನೆಯಿಂದ ಸೂಜಿ, ಸೀಸೆ, ಸಾಲು, ಬೈಗುಳ. ಅವನನ್ನು ಆಳುವವರು ನೀವು. ಅಂಕಿ ನೋಡುವ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ಮಾತ್ರೆ ನಿಲ್ಲಿಸುವುದಂತೂ ಕೂಡದು ಎಂದು ಇನ್ನೊಂದು ಹಲಗೆ ಬರೆಸಲು ನಿಮಗೆ ಏನು ಅಡ್ಡಿಯಿತ್ತು? ಬಣ್ಣ ಇರಲಿಲ್ಲವೆ? ಕಳೆದ ವರ್ಷ ನಿಮ್ಮ ಕೋಣೆಯ ಬಾಗಿಲಿಗೆ ಹೊಸ ಹಿತ್ತಾಳೆಯ ಹಲಗೆ ಬಂತಲ್ಲ, ಅದರಲ್ಲಿ ನಿಮ್ಮ ಪದವಿಗಳೆಲ್ಲ ಎಷ್ಟು ಒತ್ತಾಗಿ ಕೂತಿವೆ.

ಅಂದಿನಿಂದ ನನ್ನ ಗಂಡ ಪ್ರತಿ ತಿಂಗಳೂ ಪರೀಕ್ಷೆಗೆ ಮುಂಚೆ ಮೂರು ದಿನ ಮಾತ್ರೆ ಮುಟ್ಟಲಿಲ್ಲ. ಹಿಂದಿನ ರಾತ್ರಿ ಊಟ ಮಾಡಲಿಲ್ಲ. ನಾನು ದೇವರಿಗೆ ಉಪವಾಸವಿರುತ್ತಿದ್ದೆ, ಅವರು ನಿಮಗೆ. ನೀರು ಕುಡಿಯುವ ಮುಂಚೆ ಕೂಡ ಯೋಚಿಸುತ್ತಿದ್ದರು. ಮೂರು ದಿನ ಮಾತ್ರೆ ಬಿಟ್ಟ ರಕ್ತ ಏನು ಹೇಳುತ್ತದೆ? ಸಾಲುವುದಿಲ್ಲ ಎನ್ನುತ್ತದೆ. ಪ್ರತಿ ತಿಂಗಳು ಬೇರೆ ಬೇರೆ ಡಾಕ್ಟರು, ಹಾಳೆಯ ಮೇಲೆ ಅದೇ ಕಡಿಮೆ ಅಂಕಿ. ಪ್ರಮಾಣ ಏರಿಸಿದರು. ಮುಂದಿನ ತಿಂಗಳು ಮತ್ತೆ ಕಡಿಮೆ. ಮತ್ತೆ ಏರಿಸಿದರು. ಒಬ್ಬರು ಮಾತ್ರ ಒಮ್ಮೆ ಕನ್ನಡಕದ ಮೇಲಿಂದ ನೋಡಿ ಕೇಳಿದರು:

“ಮಾತ್ರೆ ಸರಿಯಾಗಿ ತೊಗೋತಾ ಇದೀರಾ?”

ಇವರು ನೆಟ್ಟಗೆ ಕೂತು ಹೇಳಿದರು: “ಬೋರ್ಡಲ್ಲಿ ಬರ್ದಿರೋ ಹಾಗೇ ಸಾರ್. ಒಂದು ದಿನಾನೂ ತಪ್ಪಿಲ್ಲ.”

ಡಾಕ್ಟರು ‘ಸರಿಯಾಗಿ ಸೇವಿಸುತ್ತಿದ್ದಾರೆ’ ಎಂದು ಬರೆದುಕೊಂಡರು. ಇವರು ಹೇಳಿದ್ದೂ ನಿಜ, ಅವರು ಬರೆದುಕೊಂಡದ್ದೂ ಕೇಳಿದ್ದನ್ನೇ ಎಂಬುದೇ ಇದರ ಕ್ರೌರ್ಯ.

ಬಾಯ್ಲರಿನ ಭಾಷೆಯಲ್ಲಿ ಹೇಳುತ್ತೇನೆ, ಅದು ನನ್ನ ಗಂಡನ ಭಾಷೆ. ತಪಾಸಣೆಯವರು ಬರುವ ಮುಂಚೆ ಯಾರೋ ಬೆಂಕಿ ಆರಿಸಿ ಹಬೆ ಬಿಟ್ಟುಬಿಡುತ್ತಾರೆ. ಮುಳ್ಳು ಕೆಳಗಿರುತ್ತದೆ. ಬಂದವರು ಮುಳ್ಳು ನೋಡಿ, ಬೆಂಕಿ ಸಾಲದು, ಇನ್ನಷ್ಟು ಹಾಕು ಎಂದು ಬರೆದು ಹೋಗುತ್ತಾರೆ. ಹೋದ ಮೇಲೆ ಬೆಂಕಿ ಹೊತ್ತುತ್ತದೆ, ಹೇಳಿದ್ದಕ್ಕಿಂತ ಜೋರಾಗಿ, ಮುಳ್ಳನ್ನು ನೋಡುವವರು ಯಾರೂ ಇರುವುದಿಲ್ಲ. ಮುಂದಿನ ತಪಾಸಣೆಗೆ ಮತ್ತೆ ಆರಿಸುತ್ತಾರೆ. ಇಂಥ ಬಾಯ್ಲರ್ ಒಂದು ದಿನ ಏನಾಗುತ್ತದೆ ಎಂದು ನಮ್ಮ ಲಾಂಡ್ರಿಯ ಕಸ ಗುಡಿಸುವವಳೂ ಹೇಳಬಲ್ಲಳು. ಕೊನೆಕೊನೆಗೆ, ಪ್ರಮಾಣ ಎಷ್ಟು ಏರಿತ್ತೆಂದರೆ, ಮೂರು ದಿನ ಬಿಟ್ಟರೂ ಅಂಕಿ ಎರಡೂವರೆಯಲ್ಲಿ ಬಂದು ನಿಂತಿತು. ಆ ದಿನ ಡಾಕ್ಟರು ಇವರ ಬೆನ್ನು ತಟ್ಟಿದರು. “ನೋಡಿ, ಈಗ ಹಿಡಿತಕ್ಕೆ ಬಂತು.” ನನ್ನ ಗಂಡ ದಾರಿಯುದ್ದಕ್ಕೂ ಹಿಗ್ಗಿಕೊಂಡು ಬಂದರು. ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ. ಆ ದಿನಗಳಲ್ಲಿ ಅವರ ನಿಜವಾದ ಅಂಕಿ, ಮಾತ್ರೆ ನುಂಗುವ ದಿನದ ಅಂಕಿ, ಎಷ್ಟಿತ್ತೋ ದೇವರೇ ಬಲ್ಲ. ಆತ ಬಲ್ಲದ್ದನ್ನು ನಿಮ್ಮ ಹಾಳೆಯಲ್ಲಿ ಬರೆಯುವ ಪದ್ಧತಿಯಿಲ್ಲ.

ಇದು ಸಾಲದೆಂಬಂತೆ ಹೃದಯದ ದೊಡ್ಡ ಡಾಕ್ಟರು ತಾಳ ಸರಿಪಡಿಸುವ ಮಾತ್ರೆಯೊಂದನ್ನು ಸೇರಿಸಿದರು. ಅದು ಹೃದಯದ ವಿದ್ಯುತ್ತಿನ ಓಟವನ್ನು ನಿಧಾನಿಸಿ ಅದುರುವಿಕೆಯನ್ನು ಹದಕ್ಕೆ ತರುತ್ತದೆ. ಒಳ್ಳೆಯ ಔಷಧವೇ. ಆದರೆ ಅದು ಅತಿಥಿಯಲ್ಲ, ಮನೆಯಲ್ಲೇ ಬಿಡಾರ ಹೂಡುವ ಔಷಧ. ವಾರಗಟ್ಟಲೆ, ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಬಿಸಿಲಿಗೆ ಚರ್ಮ ಸುಡುತ್ತದೆ, ಕೆಲವರಿಗೆ ಥೈರಾಯ್ಡ್ ಕೆಡುತ್ತದೆ, ಕೆಲವರಿಗೆ ಶ್ವಾಸಕೋಶ ಕೆಡುತ್ತದೆ, ಕೆಲವೊಮ್ಮೆ ತಾಳ ಸರಿಮಾಡಲು ಬಂದದ್ದು ಬೇರೆ ತಾಳವನ್ನೇ ಕೆಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅದು ರಕ್ತ ತೆಳುಮಾಡುವ ಮಾತ್ರೆಯ ಬಲವನ್ನು ಸದ್ದಿಲ್ಲದೆ ಏರಿಸುತ್ತದೆ. ಅದನ್ನು ಕೊಡುವಾಗ ಇದನ್ನು ಇಳಿಸಬೇಕು, ವಾರ ವಾರ ಅಂಕಿ ನೋಡಬೇಕು. ದೊಡ್ಡ ಡಾಕ್ಟರು ಇದ್ದದ್ದು ಮೇಲಿನ ಮಹಡಿಯಲ್ಲಿ, ರಕ್ತದ ಡಾಕ್ಟರು ಕೆಳಗಿನ ಮಹಡಿಯಲ್ಲಿ. ನಡುವೆ ಮೆಟ್ಟಿಲಿತ್ತು. ನನ್ನ ಗಂಡ ಎದೆ ಹಿಡಿದುಕೊಂಡು ಅದನ್ನು ಹತ್ತಿಳಿಯುತ್ತಿದ್ದರು, ನಿಮ್ಮ ಇಬ್ಬರು ಡಾಕ್ಟರುಗಳ ಮಾತು ಒಮ್ಮೆಯೂ ಹತ್ತಿಳಿಯಲಿಲ್ಲ.

ಮೈ ಹೇಳಲು ಶುರುಮಾಡಿತು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಬಾಯ್ಲರಿನ ಕಂಬಿಗೆ ಮೊಣಕೈ ತಾಕಿದರೆ ಹೊಡೆದ ಹಾಗೆ ನೀಲಿಗಟ್ಟುತ್ತಿತ್ತು. ಅವರ ದಿಂಬಿನ ಚೀಲವನ್ನು ನಾನು ದಿನಾ ತಣ್ಣೀರಿನಲ್ಲಿ ನೆನೆಸುತ್ತಿದ್ದೆ. ರಕ್ತದ ಕಲೆಗೆ ಬಿಸಿನೀರು ತಗುಲಿದರೆ ಕೂತುಬಿಡುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಾನು ಕಿಟಕಿಯಲ್ಲಿ ಹೇಳಿದೆ, ಮಾತ್ರೆ ಕೊಡುವಲ್ಲಿ ಹೇಳಿದೆ. “ರಕ್ತ ತೆಳು ಮಾಡೋ ಮಾತ್ರೆ ಅಲ್ವಾ ಅಮ್ಮ, ಸ್ವಲ್ಪ ಬರುತ್ತೆ,” ಅಂದರು. ಎಷ್ಟು ಬಂದರೆ ಸ್ವಲ್ಪ, ಎಷ್ಟು ಬಂದರೆ ಓಡಿ ಬರಬೇಕು, ಮಲ ಕಪ್ಪಾದರೆ ಏನು, ತಲೆನೋವು ಬಿಡದಿದ್ದರೆ ಏನು, ಯಾರೂ ಹೇಳಲಿಲ್ಲ. ಅದಕ್ಕೂ ಒಂದು ಬೋರ್ಡು ಇದ್ದಿದ್ದರೆ ನನ್ನ ಗಂಡ ಓದುತ್ತಿದ್ದರು ಮಾನ್ಯರೇ. ಇಡೀ ಊರಿನಲ್ಲಿ ನಿಮ್ಮ ಬೋರ್ಡುಗಳನ್ನು ಓದುತ್ತಿದ್ದವರು ಅವರೊಬ್ಬರೇ.

ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರ ಬಲಗೈ ಕೆಳಗೆ ಜೋತುಬಿತ್ತು. ಬಾಯಿ ಒಂದು ಕಡೆಗೆ ಎಳೆಯಿತು. ಏನೋ ಹೇಳಲು ಹೋದರು, ಗೊರಗೊರ ಸದ್ದು ಬಂತು. ನೆರೆಯವರ ಗಾಡಿಯಲ್ಲಿ ನಿಮ್ಮಲ್ಲಿಗೇ ಕರೆತಂದೆ. ತುರ್ತು ಕೋಣೆಯಲ್ಲಿ ಒಬ್ಬ ಎಳೆಯ ಡಾಕ್ಟರಮ್ಮ ಇದ್ದಳು, ನನ್ನ ಮಗಳ ವಯಸ್ಸಿನವಳು. ನಾನು ಅವಳ ಕೈ ಹಿಡಿದೆ.

“ಆವತ್ತು ಕೊಟ್ರಲ್ಲ, ಕರಗಿಸೋ ಇಂಜೆಕ್ಷನ್ನು, ಅದನ್ನೇ ಕೊಡಮ್ಮ. ಬೇಗ ಕೊಟ್ರೆ ಬದುಕ್ತಾರೆ ಅಂದಿದ್ರು.”

“ಕೊಡಲ್ಲಮ್ಮ.”

“ಯಾಕೆ ಕೊಡಲ್ಲ?”

“ಸ್ಕ್ಯಾನ್ ಆಗ್ಲಿ. ತಲೇಲಿ ಹೆಪ್ಪಿದೆಯೋ, ನಾಳ ಒಡೆದು ರಕ್ತ ಸೋರಿದೆಯೋ ಹೊರಗಿಂದ ಗೊತ್ತಾಗಲ್ಲ. ಎರಡಕ್ಕೂ ಬಾಯಿ ಹೀಗೇ ಸೊಟ್ಟಗಾಗುತ್ತೆ. ನಾಳ ಒಡೆದಿದ್ರೆ, ಆ ಇಂಜೆಕ್ಷನ್ ಕೊಟ್ಟ ಕೈಯಲ್ಲೇ ನಾನು ಅವರನ್ನ ಕೊಂದ ಹಾಗೆ.”

ನಾನು ಅವಳನ್ನು ಬೈದೆ. ಅವಳ ಹೆತ್ತವರನ್ನೂ ಬಿಡಲಿಲ್ಲ. ಸ್ಕ್ಯಾನ್ ಕೋಣೆಗೆ ಬೀಗ, ಬೀಗದಕೈಯವನು ಚಹಾಕ್ಕೆ ಹೋಗಿದ್ದಾನೆ. ಅವಳು ತಾನೇ ಓಡಿ ಅವನನ್ನು ಎಳೆದು ತಂದಳು. ನಾನು ಆಗಲೂ ಹಿಂದಿನಿಂದ ಬೈಯುತ್ತಲೇ ಇದ್ದೆ. ಸ್ಕ್ಯಾನಿನಲ್ಲಿ ಎಡಮಿದುಳಿನ ತುಂಬ ರಕ್ತ. ಅಂಕಿ ಒಂಬತ್ತು ದಾಟಿತ್ತು. ಕರಗಿಸುವ ಮದ್ದಿಗೆ ಯಾವ ಹೆಪ್ಪು ಬೇಕಾದದ್ದು, ಯಾವುದು ಬೇಡದ್ದು ಎಂಬ ವಿವೇಕವಿಲ್ಲ. ಒಡೆದ ನಾಳದ ಬಾಯಿ ಮುಚ್ಚಲು ಮೈ ಕಟ್ಟಿಕೊಂಡ ಹೆಪ್ಪನ್ನೂ ಅದು ಕರಗಿಸುತ್ತದೆ. ನಾನು ಕೇಳಿದ್ದನ್ನು ಅವಳು ಕೊಟ್ಟಿದ್ದರೆ ಇಂದು ನನಗೆ ಹೊರಳಿಸಲು ಮೈಯೂ ಇರುತ್ತಿರಲಿಲ್ಲ. ಅವಳು ಮಾತ್ರೆಯ ಬಲ ಮುರಿಯುವ ವಿಟಮಿನ್ ಕೆ ಕೊಟ್ಟಳು, ರಕ್ತ ಕಟ್ಟುವ ಸರಕಿರುವ ಪ್ಲಾಸ್ಮಾ ಏರಿಸಿದಳು, ರಕ್ತ ನಿಲ್ಲಿಸಿದಳು. ಎಲ್ಲ ಆದ ಮೇಲೆ ನನ್ನ ಪಕ್ಕದಲ್ಲಿ ಕೂತು ಕೇಳಿದಳು.

“ಅಮ್ಮ, ಇವರು ಮಾತ್ರೆ ಹೆಚ್ಚುಕಡಿಮೆ ಏನಾದ್ರೂ ಮಾಡ್ಕೊಂಡಿದ್ರಾ? ಮಧ್ಯೆ ನಿಲ್ಲಿಸಿದ್ರಾ?”

“ಅಯ್ಯೋ ಇಲ್ಲಮ್ಮ. ಪರೀಕ್ಷೆಗೆ ಮುಂಚೆ ಮೂರು ದಿನ ಅಷ್ಟೇ. ನಿಮ್ಮ ಬೋರ್ಡಲ್ಲಿ ಇರೋ ಹಾಗೆ.”

ಅವಳು ಬರೆಯುವುದನ್ನು ನಿಲ್ಲಿಸಿದಳು. “ಪ್ರತೀ ತಿಂಗಳೂನಾ?” ಎಂದಳು. ಪ್ರತೀ ತಿಂಗಳೂ ಎಂದೆ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಆಮೇಲೆ ನಾನು ಮೇಲೆ ಬರೆದಿರುವುದನ್ನೆಲ್ಲ, ಮಾತ್ರೆ ಹೇಗೆ ಕೆಲಸ ಮಾಡುತ್ತದೆ, ಯಾಕೆ ಅಂಕಿ ಸುಳ್ಳಾಯಿತು ಎಂದು ಒಂದೊಂದಾಗಿ ನನಗೆ ಅರ್ಥವಾಗುವ ಹಾಗೆ ಹೇಳಿದಳು. ನಿಮ್ಮ ಆಸ್ಪತ್ರೆಯಲ್ಲಿ ನಮ್ಮ ಪಕ್ಕದಲ್ಲಿ ಕೂತು ಮಾತಾಡಿದ ಮೊದಲ ಡಾಕ್ಟರು ಅವಳು. ಬೋರ್ಡು ತೆಗೆಸಿ ಎಂದು ನಿಮಗೆ ಬರೆದವಳೂ ಅವಳೇ.

ನೀವು ತಡಮಾಡಲಿಲ್ಲ. ಆ ವಾರವೇ ಅವಳಿಗೆ ನೋಟೀಸು ಕೊಟ್ಟಿರಿ: ‘ಪಾರ್ಶ್ವವಾಯುವಿನ ರೋಗಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡಲು ವಿಳಂಬ. ರೋಗಿಯ ಕಡೆಯವರಿಂದ ಮೌಖಿಕ ದೂರು.’ ಆ ಮೌಖಿಕ ದೂರು ನನ್ನ ಬೈಗುಳ. ನಾನು ಎದೆ ಒಡೆದುಕೊಂಡು ಕೂಗಿದ ಮಾತುಗಳನ್ನು ಆ ದಿನ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೆ. ಕೇಳಿಸಿಕೊಂಡಿದ್ದೀರಿ, ನಿಮಗೆ ಬೇಕಾದಷ್ಟನ್ನು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ನಿಮ್ಮ ಕಚೇರಿಗೆ ಬಂದೆ. ಕೊಡದ ದೂರನ್ನು ವಾಪಸು ಪಡೆಯಲು ಬರುವುದಿಲ್ಲ ಎಂದರು. ಡಾಕ್ಟರಮ್ಮ ಈಗ ನಿಮ್ಮ ಉಗ್ರಾಣದಲ್ಲಿ ಹತ್ತಿ, ಬ್ಯಾಂಡೇಜು ಎಣಿಸುತ್ತಿದ್ದಾಳೆ.

ನಿಮ್ಮನ್ನು ಕಂಡ ದಿನ ನೀವು ಮರ್ಯಾದೆಯಿಂದಲೇ ಮಾತಾಡಿದಿರಿ. ಕುರ್ಚಿ ತೋರಿಸಿದಿರಿ. “ಆ ಬೋರ್ಡು ಸಕ್ಕರೆ ಪರೀಕ್ಷೆಯವರಿಗಮ್ಮ,” ಎಂದಿರಿ. ಹಾಗೆಂದು ಅದರಲ್ಲಿ ಬರೆದಿದೆಯೇ ಎಂದೆ. “ಎಲ್ಲರಿಗೂ ಗೊತ್ತಿರೋ ವಿಷಯ,” ಎಂದಿರಿ. ಎಲ್ಲರಿಗೂ ಗೊತ್ತಿರುವುದಾದರೆ ಬೋರ್ಡು ಯಾತಕ್ಕೆ? ಅದಕ್ಕೆ ನೀವು ಗಡಿಯಾರ ನೋಡಿದಿರಿ. ಏಳುತ್ತಾ, “ಬದುಕಿದಾರಲ್ಲಮ್ಮ, ದೇವರು ದೊಡ್ಡೋನು,” ಎಂದಿರಿ. ಮಾನ್ಯರೇ, ನಾನು ದೇವರನ್ನು ನಂಬಿದವಳು. ಐವತ್ತು ವರ್ಷದಲ್ಲಿ ಆತನ ಹೆಸರನ್ನು ಇಷ್ಟು ಅಗ್ಗವಾಗಿ ಬಳಸಿದವರನ್ನು ಕಂಡಿರಲಿಲ್ಲ. ನಿಮ್ಮ ಕಚೇರಿಯಲ್ಲಿ ಸಹಿ ಹಾಕಲು ಯಾರೂ ಸಿಗದಾಗ ಆತನನ್ನು ಕರೆಯುತ್ತೀರಿ. ಆಮೇಲೆ ನಿಮ್ಮ ವಿಚಾರಣೆಯ ವರದಿ ಬಂತು: ‘ರೋಗಿಯು ಸ್ವಯಂ ಪ್ರೇರಣೆಯಿಂದ ಔಷಧ ಸ್ಥಗಿತಗೊಳಿಸಿದ್ದು, ರೋಗಿಯ ಅಜಾಗರೂಕತೆಯೇ ಕಾರಣ.’ ನನ್ನ ಗಂಡನಿಗೆ ಅಜಾಗರೂಕತೆ. ಬೆಂಕಿಕಡ್ಡಿ ಗೀರಿ ಆರಿಸಿದ ಮೇಲೂ ನೀರಿನಲ್ಲಿ ಅದ್ದಿ ಎಸೆಯುವ ಮನುಷ್ಯನಿಗೆ.

ಈಗ ಮುಖ್ಯ ಮಾತು. ಮಿದುಳಿನ ರಕ್ತ ಇಂಗಿದೆ, ಹೃದಯ ಮಾತ್ರ ಇನ್ನೂ ಅದುರುತ್ತಿದೆ. ಮಾತ್ರೆ ಕೊಡದೆ ಬಿಟ್ಟರೆ ಹೆಪ್ಪು ಬರಬಹುದು, ಕೊಟ್ಟರೆ ಮತ್ತೆ ಸೋರಬಹುದು. ಎರಡನ್ನೂ ತೂಗಿ, ಮತ್ತೆ ಶುರುಮಾಡಬೇಕು ಎಂದು ಹೃದಯದ ದೊಡ್ಡ ಡಾಕ್ಟರು ತೀರ್ಮಾನಿಸಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಎಷ್ಟು ಕೊಡಬೇಕು ಎಂಬುದಕ್ಕೆ ಅವರು ನೋಡುವುದು ಹಳೆಯ ಹಾಳೆ. ಈ ಮನುಷ್ಯನಿಗೆ ಇಷ್ಟು ದೊಡ್ಡ ಪ್ರಮಾಣ ಕೊಟ್ಟಾಗಲೇ ಅಂಕಿ ಹಿಡಿತಕ್ಕೆ ಬಂತು ಎಂದು ಹಾಳೆ ಹೇಳುತ್ತದೆ. ನಾನು ಅವರ ಮುಂದೆ ಕೈ ಮುಗಿದು ನಿಜ ಹೇಳಿದೆ. ಅವರು ಕೇಳಿಸಿಕೊಂಡರು, ನಂಬಿದರು ಕೂಡ ಅನ್ನಿಸಿತು. ಆದರೆ ಅಂದರು: “ಬಾಯಿಮಾತಿನ ಮೇಲೆ ನಾನು ದಾಖಲೆ ಬಿಟ್ಟು ಬರೆಯೋಕಾಗಲ್ಲಮ್ಮ. ಅಧೀಕ್ಷಕರ ಹತ್ರ ತಿದ್ದಿಸ್ಕೊಂಡು ಬನ್ನಿ.” ನೀವು ತಿದ್ದುವುದಿಲ್ಲ. ತಿದ್ದಿದರೆ ಅಂಕಿ ತಪ್ಪೆಂದು ಒಪ್ಪಿದಂತೆ, ಅಂಕಿ ತಪ್ಪೆಂದರೆ ಬೋರ್ಡು ತಪ್ಪು, ಬೋರ್ಡು ತಪ್ಪೆಂದರೆ ಡಾಕ್ಟರಮ್ಮ ಸರಿ. ನಿಮ್ಮ ಒಂದು ಗೋಡೆ ನಿಲ್ಲಲು ನನ್ನ ಗಂಡನ ತಲೆಯನ್ನು ಇಟ್ಟಿಗೆ ಮಾಡಿದ್ದೀರಿ.

ನಾನು ಒಪ್ಪಿಗೆಗೆ ಸಹಿ ಹಾಕಲಿಲ್ಲ. ಅದಕ್ಕೆ ನೀವು ಹುಡುಕಿದ ದಾರಿ ನೋಡಿ ನನಗೆ ಮೆಚ್ಚುಗೆಯಾಯಿತು. ಎಡಮಿದುಳು ಹಾಳಾದ ಮೇಲೆ ನನ್ನ ಗಂಡನಿಗೆ ಉಳಿದಿರುವುದು ಒಂದೇ ಮಾತು: ‘ಆಯ್ತು.’ ಹಸಿವಾ? ಆಯ್ತು. ನೋಯುತ್ತಾ? ಆಯ್ತು. ಮಗಳು ದೂರದಿಂದ ಬಂದು ಎದೆ ಮೇಲೆ ಬಿದ್ದು ಅತ್ತಾಗಲೂ, ಆಯ್ತು. ಜೀವನವಿಡೀ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರ ಬಾಯಲ್ಲಿ ಅದೊಂದನ್ನೇ ಬಿಟ್ಟು ಉಳಿದದ್ದನ್ನೆಲ್ಲ ರಕ್ತ ತೊಳೆದುಕೊಂಡು ಹೋಯಿತು. ಕಳೆದ ವಾರ ಅವರನ್ನು ನಿಮ್ಮಲ್ಲಿಗೆ ತೋರಿಸಲು ಕರೆತಂದಾಗ ವಾರ್ಡಿನ ಹಾಸಿಗೆಯೊಂದರಲ್ಲಿ ಮಲಗಿಸಿದ್ದರು. ನಾನು ನೀರು ತರಲು ಹೋದಾಗ ನಿಮ್ಮ ಗುಮಾಸ್ತ ಕಾಗದ ಹಿಡಿದು ಹಾಸಿಗೆಯ ಪಕ್ಕ ಬಂದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವರ ಎಡಗೈ ಹೆಬ್ಬೆಟ್ಟು ಮಸಿಯಲ್ಲಿತ್ತು.

“ಏನ್ ಮಾಡ್ತಾ ಇದೀರಿ?” ಎಂದೆ.

“ಒಪ್ಪಿಗೆ ಅಮ್ಮ. ಹಳೇ ಪ್ರಮಾಣದಲ್ಲೇ ಮಾತ್ರೆ ಶುರು ಮಾಡೋಣ್ವಾ ಅಂತ ಕೇಳ್ದೆ. ಯಜಮಾನ್ರೇ ಆಯ್ತು ಅಂದ್ರು.”

ನಾನು ಗಂಡನ ಕಡೆ ತಿರುಗಿದೆ. “ಏನ್ರೀ, ಈ ಗುಮಾಸ್ತರನ್ನ ಎತ್ತಿ ಬಾಯ್ಲರಿಗೆ ಹಾಕ್ಬಿಡೋಣ್ವಾ?”

“ಆಯ್ತು,” ಎಂದರು ನನ್ನ ಗಂಡ.

“ಅಧೀಕ್ಷಕರನ್ನೂ?”

“ಆಯ್ತು.”

ವಾರ್ಡಿನಲ್ಲಿ ಯಾರೋ ನಕ್ಕರು. ನಿಮ್ಮ ಗುಮಾಸ್ತ ನಗಲಿಲ್ಲ, ಕಾಗದವನ್ನು ಮಡಚಿಕೊಂಡು ಹೋದ. ಆಮೇಲೆ ಅಂಚೆಯಲ್ಲಿ ನಿಮ್ಮ ಪತ್ರ ಬಂತು: ‘ರೋಗಿಯು ಸ್ವತಃ ಸಮ್ಮತಿಸಿರುತ್ತಾರೆ. ತಮ್ಮ ಆಕ್ಷೇಪಣೆ ಏನಾದರೂ ಇದ್ದಲ್ಲಿ ಸೋಮವಾರದೊಳಗೆ ಖುದ್ದಾಗಿ ಹಾಜರಾಗಿ ಉತ್ತರ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ರೋಗಿಯನ್ನು ಒಳರೋಗಿಯಾಗಿ ದಾಖಲಿಸಿಕೊಂಡು ಚಿಕಿತ್ಸೆ ಆರಂಭಿಸಲಾಗುವುದು.’ ಮತ್ತೆ ಒಂದು ‘ತಕ್ಕದ್ದು’. ಖುದ್ದಾಗಿ ಹೇಗೆ ಬರಲಿ? ಗುಟುಕು ನೀರು ಅಡ್ಡ ಹೋದರೆ ಉಸಿರು ಕಟ್ಟುವ ಮನುಷ್ಯನನ್ನು ಯಾರ ಕೈಯಲ್ಲಿ ಬಿಟ್ಟು ನಿಮ್ಮ ಸಾಲಿನಲ್ಲಿ ನಿಲ್ಲಲಿ? ಅದನ್ನು ಯೋಚಿಸಿಯೇ ‘ಖುದ್ದಾಗಿ’ ಎಂದು ಬರೆಸಿದಿರೋ, ಯೋಚಿಸದೆ ಬರೆಸಿದಿರೋ ಕೇಳುವುದಿಲ್ಲ. ಎರಡರಲ್ಲಿ ಯಾವುದು ನಿಮಗೆ ಹೆಚ್ಚು ಅವಮಾನ ಎಂದು ತೀರ್ಮಾನಿಸಲು ನನಗೆ ಆಗಿಲ್ಲ.

ನಾನು ಪರಿಹಾರ ಕೇಳುತ್ತಿಲ್ಲ. ನಿಮ್ಮನ್ನು ಕೆಲಸದಿಂದ ತೆಗೆಯಲಿ ಎಂದೂ ಕೇಳುತ್ತಿಲ್ಲ, ಇನ್ನೊಬ್ಬರು ಬಂದು ಅದೇ ಕುರ್ಚಿಯಲ್ಲಿ ಅದೇ ಗಡಿಯಾರ ನೋಡುತ್ತಾರೆ. ನನ್ನ ಗಂಡನ ಹಾಳೆಯ ಮೇಲೆ ಒಂದು ಸಾಲು ಬರೆಯಿರಿ: ಇಲ್ಲಿರುವ ಅಂಕಿಗಳೆಲ್ಲ ಮಾತ್ರೆ ನಿಲ್ಲಿಸಿದ ಮನುಷ್ಯನವು, ಇವನ್ನು ನಂಬಿ ಪ್ರಮಾಣ ಕೊಡಬೇಡಿ, ಕಡಿಮೆಯಿಂದ ಶುರುಮಾಡಿ, ತಾಳದ ಮಾತ್ರೆ ಜೊತೆಗಿದೆಯೋ ಇಲ್ಲವೋ ನೋಡಿ, ದಿನ ಬಿಟ್ಟು ದಿನ ಪರೀಕ್ಷಿಸಿ. ಆ ಸಾಲನ್ನು ಹೇಗೆ ಬರೆಯಬೇಕೆಂದು ತಿಳಿಯದಿದ್ದರೆ ಉಗ್ರಾಣದಿಂದ ಡಾಕ್ಟರಮ್ಮನನ್ನು ಕರೆಸಿ, ಅಲ್ಲಿಗೇ ವಾಪಸು ಕಳಿಸಬೇಡಿ. ಬೋರ್ಡನ್ನು ಇಳಿಸಿ. ಇವತ್ತೂ ಅದರ ಕೆಳಗೆ ಯಾರೋ ಒಬ್ಬರು ಹಸಿದು ನಿಂತಿದ್ದಾರೆ, ಮಾತ್ರೆ ಮನೆಯಲ್ಲಿ ಬಿಟ್ಟು ಬಂದಿದ್ದಾರೆ, ನಿಮ್ಮನ್ನು ನಂಬಿದ್ದಾರೆ. ಅದರ ಜಾಗದಲ್ಲಿ ಹೊಸದು ಬರೆಸಿ. ಪ್ರತಿ ಬೋರ್ಡಿನ ಹಿಂದೆ ಒಬ್ಬ ಬಿದ್ದಿರುತ್ತಾನೆ ಎಂದು ನನ್ನ ಗಂಡ ನಂಬಿದ್ದರು. ನಿಮಗೆ ಬೇಕಾದವನು ಈಗ ಸಿಕ್ಕಿದ್ದಾನೆ. ಇನ್ನಾದರೂ ಬರೆಸಬಹುದಲ್ಲ.

ಈ ಪತ್ರವನ್ನು ಗಂಡನಿಗೆ ಪೂರ್ತಿ ಓದಿ ಹೇಳಿದೆ. ಪತ್ರಿಕೆಗೆ ಕಳಿಸಲಾ ಎಂದು ಕೇಳಿದೆ. ಆಯ್ತು ಎಂದರು. ನಿಮ್ಮ ಕಾನೂನಿನ ಪ್ರಕಾರ ಇದು ರೋಗಿಯ ಸಮ್ಮತಿ. ಆದ್ದರಿಂದ ಈ ಪತ್ರ ಅವರದೂ ಹೌದು.

ನೀವು ಕೇಳಿದ ಉತ್ತರವನ್ನೂ ನಿಮ್ಮ ಕಾಗದದ ಮೇಲೆಯೇ ಬರೆದಿಟ್ಟಿದ್ದೇನೆ. ಹೊಸಿಲಿನ ಒಳಗೆ, ಅವರ ಕಾಲದೆಸೆಯ ಸ್ಟೂಲಿನ ಮೇಲೆ, ಔಷಧದ ಡಬ್ಬಿಯ ಕೆಳಗಿದೆ. ನಾನು ಮನೆ ಬಿಟ್ಟು ಬರುವಂತಿಲ್ಲ. ಸೋಮವಾರದೊಳಗೆ ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಬರುವವರು ಹೊಟ್ಟೆ ತುಂಬ ಊಟ ಮಾಡಿ, ತಮ್ಮ ಮಾತ್ರೆಗಳಿದ್ದರೆ ತಪ್ಪದೆ ನುಂಗಿಯೇ ಬರಲಿ. ನಮ್ಮ ಬಾಗಿಲ ಮೇಲೆ ಬೋರ್ಡು ಇಲ್ಲ.

ಇಂತಿ,
‘ಆಯ್ತು’ ಎನ್ನಲು ಇನ್ನೂ ಕಲಿಯದ,
ನಿಮ್ಮ ಕಡತದ ‘ರೋಗಿಯ ಕಡೆಯವರು’